ರಿಯಾಕ್ಟರ್ ಏರಿಸಿದರೆ ಪಿಎಚ್ ಕುಸಿಯುತ್ತೆ, ಇಳಿಸಿದರೆ ಕೆಎಚ್ ಕುಸಿಯುತ್ತೆ: ಈಗೇನು ಮಾಡೋದು?

ಪ್ರಶ್ನೆ: ನಮಸ್ಕಾರ ಸರ್. ನನ್ನ ಹವಳದ ಟ್ಯಾಂಕಿಗೆ ಎರಡು ವರ್ಷ ಆಯ್ತು. ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಸೇರಿ ಸುಮಾರು 400 ಲೀಟರ್ ನೀರು. ಆಕ್ರೋಪೊರಾ, ಮಾಂಟಿಪೊರಾ ಹವಳಗಳೇ ಜಾಸ್ತಿ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಕೆಎಚ್ (ನೀರಿನ ಕ್ಷಾರೀಯತೆ, ಅಂದ್ರೆ ಕಾರ್ಬೊನೇಟ್ ಅಂಶದ ಅಳತೆ) ಉಳಿಸಲು ದಿನಾ ಕೈಯಲ್ಲಿ ಡೋಸ್ ಹಾಕಿ ಸಾಕಾಗಿ ಮೂರು ತಿಂಗಳ ಹಿಂದೆ ಕ್ಯಾಲ್ಸಿಯಂ ರಿಯಾಕ್ಟರ್ (ಸಿಲಿಂಡರಿನ ಕಾರ್ಬನ್ ಡೈಆಕ್ಸೈಡಿನಿಂದ ಹವಳದ ಚೂರು ಕರಗಿಸಿ ಟ್ಯಾಂಕಿಗೆ ಹನಿಸುವ ಯಂತ್ರ) ಹಾಕಿದೆ. ಆವತ್ತಿನಿಂದ ಪಿಎಚ್ ತಲೆನೋವು. ಮೊದಲು 8.0ರಿಂದ 8.2 ಇರ್ತಿತ್ತು. ಈಗ ಬೆಳಗ್ಗೆ 7.75, ಸಂಜೆ 7.95. ಪಿಎಚ್ ಏರಿಸುವ ಬಫರ್ ಪುಡಿ ತಂದು ನಾಲ್ಕು ದಿನ ಹಾಕಿದೆ. ಹಾಕಿದ ತಕ್ಷಣ 8.2 ತೋರಿಸುತ್ತೆ, ಮರುದಿನ ಬೆಳಗ್ಗೆ ಮತ್ತೆ ಅಲ್ಲೇ. ಆದ್ರೆ ಕೆಎಚ್ ಮಾತ್ರ 11ಕ್ಕೆ ಹೋಯ್ತು, ಎರಡು ಆಕ್ರೋಪೊರಾದ ತುದಿ ಬೆಳ್ಳಗಾಯ್ತು. ಇದು ಐದು ವಾರದ ಹಿಂದಿನ ಮಾತು. ಪುಡಿ ನಿಲ್ಲಿಸಿದ ಮೇಲೆ ಕೆಎಚ್ ಇಳಿಯುತ್ತಲೇ ಇದೆ. ಕಳೆದ ಎರಡು ವಾರದಲ್ಲೇ 8.5ರಿಂದ 6.9 ಆಗಿದೆ. ರಿಯಾಕ್ಟರ್ ಒಳಗಿನ ಪಿಎಚ್ ನೋಡಿ ಗ್ಯಾಸ್ ಬಿಡುವ ಕಂಟ್ರೋಲರನ್ನು 6.5ರಿಂದ ಇಳಿಸುತ್ತಾ ಬಂದು ಈಗ 6.2ಕ್ಕೆ ಇಟ್ಟಿದ್ದೇನೆ. ಹೊರಗೆ ಬರುವ ನೀರು ನಿಮಿಷಕ್ಕೆ 8 ಮಿಲಿ, ಅದರ ಕೆಎಚ್ 45. ಒಮ್ಮೆ ರಿಯಾಕ್ಟರ್ ಎರಡು ದಿನ ಬಂದ್ ಮಾಡಿದಾಗ ಟ್ಯಾಂಕಿನ ಕೆಎಚ್ 2.4 ಇಳಿಯಿತು. ರಿಯಾಕ್ಟರ್ ತಳದಲ್ಲಿ ಮೀಡಿಯಾ (ಒಳಗೆ ತುಂಬಿದ ಹವಳದ ಚೂರು) ಕೆಸರಿನ ಥರ ಆಗಿದೆ. ಟ್ಯಾಂಕ್ ಇರುವ ಕೋಣೆಗೆ ರಾತ್ರಿಯೆಲ್ಲಾ ಏಸಿ, ಕಿಟಕಿ ಮುಚ್ಚಿರುತ್ತೆ. ಈ ರಿಯಾಕ್ಟರನ್ನೇ ಮಾರಿಬಿಡಲಾ? ಬಫರ್ ಡಬ್ಬಿ ಇನ್ನೂ ಅರ್ಧ ಇದೆ, ಅದನ್ನೇನು ಮಾಡಲಿ?

ಉತ್ತರ: ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು "ಪಿಎಚ್ ಕಡಿಮೆ ಇದೆ, ಏನು ಹಾಕಲಿ" ಅನ್ನುವ ಒಂದೇ ಸಾಲಿನವು. ನೀವು ಹರಿವು, ಕೆಎಚ್, ಬಂದ್ ಮಾಡಿದಾಗ ಎಷ್ಟು ಇಳಿಯಿತು ಅನ್ನೋದನ್ನೂ ಅಳೆದು ಬರೆದಿದ್ದೀರಿ. ಹಾಗಾಗಿ ಊಹೆ ಮಾಡುವ ಕಷ್ಟ ನನಗಿಲ್ಲ. ನಿಮ್ಮ ಕಾಯಿಲೆ ನಿಮ್ಮ ಅಂಕಿಗಳಲ್ಲೇ ಇದೆ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಹಾಗಾಗಿದೆ ನಿಮ್ಮ ಸ್ಥಿತಿ. ಕೆಎಚ್ ಉಳಿಸಿಕೊಳ್ಳಲು ರಿಯಾಕ್ಟರಿಗೆ ಗ್ಯಾಸ್ ಜಾಸ್ತಿ ಕೊಡುತ್ತೀರಿ, ಟ್ಯಾಂಕಿನ ಪಿಎಚ್ ಬೀಳುತ್ತದೆ. ಹೆದರಿ ಗ್ಯಾಸ್ ತಗ್ಗಿಸುತ್ತೀರಿ, ಕೆಎಚ್ ಬೀಳುತ್ತದೆ. ಎರಡೂ ಒಟ್ಟಿಗೆ ಸರಿಹೋಗೋದೇ ಇಲ್ಲ ಅಂತ ಅನ್ನಿಸುವುದು ಸಹಜ. ಸರಿಹೋಗುತ್ತದೆ. ಇಷ್ಟು ದಿನ ನೀವು ಒಂದೇ ತಿರುಪು ತಿರುಗಿಸುತ್ತಿದ್ದಿರಿ, ಗ್ಯಾಸಿನದು. ತಿರುಗಿಸಬೇಕಾದದ್ದು ಇನ್ನೊಂದು, ನೀರಿನ ಹರಿವಿನದು.

ಅದಕ್ಕೆ ಮೊದಲು 7.75ರ ಭಯ ಕಳೆಯೋಣ. ಸಮುದ್ರದ ಮೇಲ್ನೀರಿನ ಪಿಎಚ್ ಸುಮಾರು 8.1. ಆ ಸಂಖ್ಯೆ ಬರದಿದ್ದರೆ ಹವಳ ಸಾಯುತ್ತದೆ ಅನ್ನೋದು ತಪ್ಪು ಕಲ್ಪನೆ. ಬೆಳಗಿನ ಜಾವ 7.8ರ ಆಸುಪಾಸು ಇದ್ದುಕೊಂಡೇ ವರ್ಷಗಟ್ಟಲೆ ಚೆನ್ನಾಗಿ ಬೆಳೆದ ಟ್ಯಾಂಕುಗಳನ್ನು ನಾನೇ ನೋಡಿಕೊಂಡಿದ್ದೇನೆ. ಹಾಗಂತ ಪಿಎಚ್‌ಗೆ ಬೆಲೆಯೇ ಇಲ್ಲ ಅಂತಲೂ ಅಲ್ಲ. ಹವಳ ತನ್ನ ಅಸ್ಥಿ ಕಟ್ಟುವ ಜಾಗದಲ್ಲಿ ಪಿಎಚ್ ಅನ್ನು ಸುತ್ತಲಿನ ನೀರಿಗಿಂತ ಮೇಲೆ ಇಟ್ಟುಕೊಳ್ಳಬೇಕು. ಅದಕ್ಕಾಗಿ ಅದು ಹೈಡ್ರೋಜನ್ ಅಯಾನುಗಳನ್ನು ಸತತವಾಗಿ ಹೊರಗೆ ತಳ್ಳುತ್ತಿರುತ್ತದೆ. ಹೊರಗಿನ ನೀರಲ್ಲೇ ಅವು ಜಾಸ್ತಿ ಇದ್ದರೆ ತಳ್ಳೋದು ಕಷ್ಟ. ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೇ. 7.75 ಅಂದರೆ ನಿಧಾನ. 7.6ರ ಕೆಳಗೆ ದಿನಗಟ್ಟಲೆ ನಿಂತರೆ ನಾನೂ ಚಿಂತೆ ಮಾಡುತ್ತೇನೆ.

ನಿಮ್ಮ ಆಕ್ರೋಪೊರಾ ತುದಿ ಬೆಳ್ಳಗಾಗಿದ್ದಕ್ಕೆ ಕಡಿಮೆ ಪಿಎಚ್ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ನಾಲ್ಕು ದಿನದಲ್ಲಿ ಕೆಎಚ್ 11ಕ್ಕೆ ಹಾರಿತಲ್ಲ, ಅನುಮಾನ ಅದರ ಮೇಲೆ. ಈ ಜಾತಿಗೆ ಕೆಎಚ್ 7 ಇದ್ದರೂ ಸರಿ, 9 ಇದ್ದರೂ ಸರಿ. ಒಂದೇ ಸಲ ಏರಿದರೆ ಮಾತ್ರ ಸಹಿಸುವುದಿಲ್ಲ.

ಹಾಗಾದರೆ ಬಫರ್ ಹಾಕಿದರೂ ಪಿಎಚ್ ಯಾಕೆ ನಿಲ್ಲಲಿಲ್ಲ? ಉಪ್ಪುನೀರಿನ ಟ್ಯಾಂಕಲ್ಲಿ ಪಿಎಚ್ ನಿರ್ಧಾರ ಮಾಡುವುದು ಎರಡು ಸಂಗತಿ. ಒಂದು ಕೆಎಚ್. ಇನ್ನೊಂದು ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್. ಹವ್ಯಾಸಿಗಳ ಬಾಯಲ್ಲಿ ಅದು ಸಿಓಟು, ಇಲ್ಲೂ ಹಾಗೇ ಕರೆಯೋಣ. ಕೆಎಚ್ ಅಷ್ಟೇ ಇದ್ದು ಸಿಓಟು ದುಪ್ಪಟ್ಟಾದರೆ ಪಿಎಚ್ ಹತ್ತಿರ ಹತ್ತಿರ 0.3 ಇಳಿಯುತ್ತದೆ. ಸಿಓಟು ಅಷ್ಟೇ ಇದ್ದು ಕೆಎಚ್ 8.5ರಿಂದ 11ಕ್ಕೆ ಏರಿದರೆ ಪಿಎಚ್‌ಗೆ ಸಿಗುವುದು ಬರೀ 0.1. ನೀವು ಪುಡಿ ಹಾಕಿದ ಕೂಡಲೇ ಕಂಡ 8.2 ಆ ಕ್ಷಣದ್ದು. ರಾತ್ರಿ ಕಳೆಯುವಷ್ಟರಲ್ಲಿ ಗಾಳಿಯಿಂದ, ರಿಯಾಕ್ಟರಿನಿಂದ, ಮೀನು ಹವಳಗಳ ಉಸಿರಿನಿಂದ ಸಿಓಟು ಮತ್ತೆ ಬಂದು ಸೇರಿತು. ಪಿಎಚ್ ಹಳೇ ಜಾಗಕ್ಕೆ ಹೋಯಿತು. ಕೆಎಚ್ ಮಾತ್ರ ಮೇಲೆ ಉಳಿಯಿತು. ತೂತಾದ ಕೊಡಕ್ಕೆ ನೀರು ಹಾಕಿದ ಹಾಗೆ.

ಆದ್ದರಿಂದ ಇನ್ನು ಮೇಲೆ ಪಿಎಚ್ ಕಡಿಮೆ ಕಂಡಾಗ "ಏನು ಹಾಕಲಿ" ಅಂತ ಕೇಳಬೇಡಿ. "ಈ ಸಿಓಟು ಎಲ್ಲಿಂದ ಬಂತು, ಯಾಕೆ ಹೊರಗೆ ಹೋಗ್ತಿಲ್ಲ" ಅಂತ ಕೇಳಿಕೊಳ್ಳಿ.

ರಿಯಾಕ್ಟರ್ ಒಳಗೆ ಆಗುವುದನ್ನು ನೀವು ಶಾಲೆಯಲ್ಲೇ ನೋಡಿದ್ದೀರಿ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಅದು ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು, ನೆನಪಿದೆಯಾ? ಉಸಿರಿನ ಸಿಓಟು ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ ಅಂತ ಮೇಷ್ಟ್ರು ಹೇಳುತ್ತಿದ್ದರು. ಸುಮಾರು ಜನ ಅಲ್ಲಿಗೇ ನಿಲ್ಲಿಸುತ್ತಿದ್ದರು. ನಿಲ್ಲಿಸದೆ ಇನ್ನೂ ಊದುತ್ತಾ ಹೋದವರಿಗೆ ಹಾಲು ಮತ್ತೆ ತಿಳಿಯಾಗುವುದು ಕಾಣುತ್ತಿತ್ತು. ಸಿಓಟು ಜಾಸ್ತಿಯಾದಾಗ ಆ ಬಿಳಿ ಪುಡಿ ಬೈಕಾರ್ಬೊನೇಟ್ ಆಗಿ ಕರಗಿಹೋಗುತ್ತದೆ. ಪ್ರಯೋಗದ ಈ ಎರಡನೇ ಅರ್ಧವೇ ಕ್ಯಾಲ್ಸಿಯಂ ರಿಯಾಕ್ಟರ್. ಬಿಳಿ ಪುಡಿಯ ಜಾಗದಲ್ಲಿ ಹವಳದ ಚೂರು, ಊದುವ ಬಾಯಿಯ ಜಾಗದಲ್ಲಿ ಸಿಲಿಂಡರ್.

ಈಗ ಹವಳದ ಕಡೆ ನೋಡಿ. ಅದು ಇದೇ ಕೆಲಸವನ್ನು ಹಿಂದುಮುಂದಾಗಿ ಮಾಡುತ್ತದೆ. ಕ್ಯಾಲ್ಸಿಯಂ ಜೊತೆ ಎರಡು ಬೈಕಾರ್ಬೊನೇಟ್ ತೆಗೆದುಕೊಳ್ಳುತ್ತದೆ, ಒಂದನ್ನು ಅಸ್ಥಿಗೆ ಹಾಕುತ್ತದೆ, ಇನ್ನೊಂದನ್ನು ಸಿಓಟು ಮಾಡಿ ವಾಪಸ್ ಬಿಡುತ್ತದೆ. ಹಗಲಲ್ಲಿ ಹವಳದೊಳಗಿನ ಪಾಚಿ ಸ್ವಲ್ಪ ಬಳಸಿಕೊಂಡೀತು. ಆದರೆ ಲೆಕ್ಕ ನೋಡಿದರೆ, ನೀವು ಸಿಲಿಂಡರಿನಿಂದ ಬಿಟ್ಟ ಗ್ಯಾಸಲ್ಲಿ ರಿಯಾಕ್ಟರ್ ಒಳ್ಳೆಯ ಕೆಲಸಕ್ಕೆ ಬಳಸಿದ ಪಾಲೂ ಕೊನೆಗೆ ಟ್ಯಾಂಕಿಗೇ ಬರುತ್ತದೆ. ಬಳಸದೆ ಉಳಿದ ಪಾಲಂತೂ ಹನಿಯ ಜೊತೆ ನೇರವಾಗಿ ಬರುತ್ತದೆ. ಮೊದಲನೆಯದನ್ನು ತಪ್ಪಿಸಲು ಆಗದು. ಎರಡನೆಯದು ನಮ್ಮ ಕೈಯಲ್ಲಿದೆ. ರಿಯಾಕ್ಟರ್ ಹಾಕಿದ ಮೇಲೆ ಪಿಎಚ್ 0.1ರಷ್ಟು ಇಳಿದರೆ ಅದು ಅದರ ಸ್ವಭಾವ ಅಂದುಕೊಳ್ಳಿ. ನಿಮಗೆ 0.25 ಇಳಿದಿದೆ. ಅಷ್ಟು ಇಳಿಯಬೇಕಾಗಿರಲಿಲ್ಲ.

ಇಲ್ಲಿ 6.2ರ ಪಾತ್ರ ಬರುತ್ತದೆ. ಆ ಪಿಎಚ್‌ನಲ್ಲಿ ಹೊರಬರುವ ಹನಿಯಲ್ಲಿ ಬೈಕಾರ್ಬೊನೇಟ್ ಮೂರು ಪಾಲಿದ್ದರೆ ಬಿಡಿ ಸಿಓಟು ಸುಮಾರು ಎರಡು ಪಾಲು ಇರುತ್ತದೆ. 6.6ರಲ್ಲಿ ಅದು ನಾಲ್ಕಕ್ಕೆ ಒಂದು. ಅಂದರೆ 6.2ರಲ್ಲಿ ಪ್ರತಿ ಹನಿಯೂ ಶಕ್ತಿಯುತ ನಿಜ, ಆದರೆ ತನ್ನ ಜೊತೆ ಬೇಡದ ಗ್ಯಾಸನ್ನೂ ರಾಶಿ ತರುತ್ತದೆ. "ರಿಯಾಕ್ಟರ್ ಪಿಎಚ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು" ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ಇದರಿಂದ ಮೀಡಿಯಾಗೂ ಕುತ್ತು. ತಳದಲ್ಲಿ ಕೆಸರು ಕಂಡಿದ್ದೀರಿ. ಚೂರುಗಳು ತೀರಾ ಬೇಗ ಕರಗಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿವೆ. ನೀರು ಆ ರಾಶಿಯ ಒಳಗೆ ಹೋಗದೆ ಪಕ್ಕದಿಂದ ಜಾರಿಕೊಂಡು ಹೋಗುತ್ತದೆ. ನಿಮ್ಮ ಪ್ರೋಬ್ (ಪಿಎಚ್ ಅಳೆಯುವ ಕಡ್ಡಿ) ಸರಿ ಇದೆಯೋ ಇಲ್ಲವೋ ಅನ್ನುವ ಅನುಮಾನ ನನಗೆ ಮೊದಲು ಬಂದಿತ್ತು. ಆದರೆ ಪ್ರೋಬ್ ಸುಳ್ಳು ಹೇಳಿದರೂ ಕೆಸರು ಸುಳ್ಳು ಹೇಳಲ್ಲ. ಕೆಎಚ್ 45 ಕೂಡ ಅದನ್ನೇ ಹೇಳುತ್ತಿದೆ.

ಈಗ ಸ್ವಲ್ಪ ಲೆಕ್ಕ. ಕಷ್ಟದ್ದೇನಲ್ಲ.

ಎರಡು ದಿನ ಬಂದ್ ಮಾಡಿದಾಗ 2.4 ಇಳಿಯಿತು. ಅಂದರೆ ನಿಮ್ಮ ಹವಳಗಳ ದಿನದ ಊಟ 1.2 ಕೆಎಚ್. 400 ಲೀಟರಿಗೆ ಗುಣಿಸಿದರೆ 480. ದಿನಕ್ಕೆ ಇಷ್ಟನ್ನು ರಿಯಾಕ್ಟರ್ ಕೊಡಬೇಕು. ಅದು ಕೊಡುತ್ತಿರುವುದೆಷ್ಟು? ನಿಮಿಷಕ್ಕೆ 8 ಮಿಲಿ ಅಂದರೆ ದಿನಕ್ಕೆ 11.5 ಲೀಟರ್. ಹನಿಯ ಕೆಎಚ್ 45, ಟ್ಯಾಂಕಿನದು ಸರಾಸರಿ 7.5, ವ್ಯತ್ಯಾಸ 37.5. ಗುಣಿಸಿದರೆ 430ರ ಹತ್ತಿರ. ಬೇಕಾದದ್ದು 480, ಸಿಗುತ್ತಿರುವುದು 430. ದಿನಕ್ಕೆ ಸುಮಾರು 0.12 ಕೆಎಚ್ ಖೋತಾ. ಎರಡು ವಾರಕ್ಕೆ 1.6. 8.5 ಹೇಗೆ 6.9 ಆಯಿತು ಅಂತ ಗೊತ್ತಾಯಿತಲ್ಲ? ರಿಯಾಕ್ಟರ್ ಕೆಟ್ಟಿಲ್ಲ, ಹವಳಕ್ಕೆ ರೋಗ ಬಂದಿಲ್ಲ. ನಿಮ್ಮ ಅಳತೆಗಳೂ ಒಂದಕ್ಕೊಂದು ಹೊಂದುತ್ತಿವೆ. ನಿಜ ಹೇಳಬೇಕೆಂದರೆ ಇಷ್ಟು ಚೆನ್ನಾಗಿ ಹೊಂದುವುದು ಅಪರೂಪ.

ಈಗ ಇನ್ನೊಂದು ದಾರಿ ನೋಡಿ. ರಿಯಾಕ್ಟರ್ ಒಳಗಿನ ಪಿಎಚ್ ಅನ್ನು 6.6ಕ್ಕೆ ಏರಿಸುತ್ತೀರಿ. ಹನಿಯ ಕೆಎಚ್ ಆಗ 28ಕ್ಕೆ ಇಳಿಯಿತು ಅಂದುಕೊಳ್ಳಿ. ಟ್ಯಾಂಕನ್ನು 8ರಲ್ಲಿ ನಿಲ್ಲಿಸುವ ಆಸೆ. ವ್ಯತ್ಯಾಸ 20. 480ನ್ನು 20ರಿಂದ ಭಾಗಿಸಿದರೆ ದಿನಕ್ಕೆ 24 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 17 ಮಿಲಿ. ಹರಿವು ಎರಡು ಪಟ್ಟು. ಆದರೂ ಟ್ಯಾಂಕಿಗೆ ಬರುವ ಬಿಡಿ ಸಿಓಟು ಈಗಿನದರ ಅರ್ಧಕ್ಕೆ ಇಳಿಯುತ್ತದೆ, ಕೆಎಚ್ ಮಾತ್ರ ಪೂರ್ತಿ ಸಿಗುತ್ತದೆ. ತಿರುಪು ಇನ್ನೊಂದು ಅಂತ ಶುರುವಿನಲ್ಲೇ ಹೇಳಿದ್ದು ಇದಕ್ಕೇ. 28 ಅನ್ನುವುದು ನನ್ನ ಅಂದಾಜು, ನಿಮ್ಮ ಮೀಡಿಯಾದಲ್ಲಿ 24 ಬರಬಹುದು, 30 ಬರಬಹುದು. ಅಳೆದು ಅದೇ ಸೂತ್ರಕ್ಕೆ ಹಾಕಿ.

ಕ್ಯಾಲ್ಸಿಯಂ ಲೆಕ್ಕ ಬೇರೆ ಮಾಡುವ ಅಗತ್ಯವಿಲ್ಲ. ಹವಳದ ಚೂರು ಕರಗಿದಾಗ ಎರಡೂ ಜೊತೆಯಾಗಿಯೇ ಬರುತ್ತವೆ, ಕೆಎಚ್ 2.8ಕ್ಕೆ ಕ್ಯಾಲ್ಸಿಯಂ 20 ಪಿಪಿಎಂ. ಹವಳ ಬಳಸುವುದೂ ಹತ್ತಿರ ಹತ್ತಿರ ಅದೇ ಪ್ರಮಾಣದಲ್ಲಿ. ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1300ರ ಸುತ್ತ ಇದ್ದರೆ ಅವುಗಳ ತಂಟೆಗೆ ಹೋಗಬೇಡಿ.

ಇನ್ನು ಕೈಕೆಲಸ. ಮೊದಲು ರಿಯಾಕ್ಟರ್ ಬಿಚ್ಚಿ. ಕೆಸರನ್ನು ಟ್ಯಾಂಕಿನಿಂದ ತೆಗೆದ ಹಳೇ ನೀರಲ್ಲಿ ತೊಳೆದು ಚೆಲ್ಲಿ. ಗಟ್ಟಿಯಾಗಿ ಉಳಿದ ಚೂರು ಇಟ್ಟುಕೊಂಡು ಮೇಲೆ ದಪ್ಪ ಚೂರಿನ ಹೊಸ ಮೀಡಿಯಾ ತುಂಬಿ. ಇದು ಅರ್ಧ ದಿನದ ಕೆಲಸ, ಅಷ್ಟು ಹೊತ್ತು ರಿಯಾಕ್ಟರ್ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಬಿಚ್ಚಿದಾಗಲೇ ಪ್ರೋಬ್ ಹೊರತೆಗೆದು ತುದಿಯ ಮೇಲಿನ ಪಾಚಿ ಮೃದುವಾಗಿ ಒರೆಸಿ ಕಾಲಿಬ್ರೇಟ್ ಮಾಡಿ. ರಿಯಾಕ್ಟರ್ ಪ್ರೋಬ್‌ಗೆ 7 ಮತ್ತು 4ರ ದ್ರಾವಣ, ಟ್ಯಾಂಕಿನ ಪ್ರೋಬ್‌ಗೆ 7 ಮತ್ತು 10ರದು. ಎರಡಕ್ಕೂ ಒಂದೇ ಜೋಡಿ ಬಳಸುವವರು ಬಹಳ. ರಿಯಾಕ್ಟರ್ 7ಕ್ಕಿಂತ ಕೆಳಗೆ ಓಡುತ್ತದೆ, ಟ್ಯಾಂಕ್ ಮೇಲೆ ಓಡುತ್ತದೆ, ಆದ್ದರಿಂದ ಜೋಡಿ ಬೇರೆ.

ಆಮೇಲೆ ಒಂದೇ ದಿನ 6.2ರಿಂದ 6.6ಕ್ಕೆ ಜಿಗಿಯಬೇಡಿ. ಮೊದಲು 6.4, ಹರಿವು 12 ಮಿಲಿ. ಎರಡು ದಿನ ಕಾಯಿರಿ. ಹನಿಯ ಕೆಎಚ್, ಟ್ಯಾಂಕಿನ ಕೆಎಚ್ ಎರಡನ್ನೂ ದಿನಾ ಒಂದೇ ಹೊತ್ತಿಗೆ ಅಳೆಯಿರಿ. ಆಮೇಲೆ 6.6, 17 ಮಿಲಿ. ಬೆಳಗ್ಗೆ ಒಂದು ತಿರುಪು, ಸಂಜೆ ಇನ್ನೊಂದು ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗದು.

ಹರಿವನ್ನು ಹನಿ ಎಣಿಸಿ ಅಂದಾಜು ಮಾಡಬೇಡಿ. ಕೊಳವೆಯ ತುದಿ ಅಗಲವಿದ್ದರೆ ಹನಿ ದಪ್ಪ, ಕಿರಿದಾದರೆ ಸಣ್ಣದು. ಅಳತೆ ಕಪ್ ಹಿಡಿದು ಐದು ನಿಮಿಷ ತುಂಬಿಸಿ ಐದರಿಂದ ಭಾಗಿಸಿ. ಗ್ಯಾಸಿನ ಗುಳ್ಳೆ ಎಣಿಸುವ ಕತೆಯೂ ಅಷ್ಟೇ. "ನನಗೆ ನಿಮಿಷಕ್ಕೆ 40 ಗುಳ್ಳೆ, ನಿಮಗೆಷ್ಟು" ಅನ್ನುವ ಚರ್ಚೆಗೆ ಅರ್ಥವಿಲ್ಲ. ಒಂದೊಂದು ಬಬಲ್ ಕೌಂಟರಿನ ಗುಳ್ಳೆ ಒಂದೊಂದು ಗಾತ್ರ. ಹನಿಯ ಕೆಎಚ್ ಅಳೆಯುವಾಗ ಟೆಸ್ಟ್ ಕಿಟ್ ದ್ರವ ಬೇಗ ಖರ್ಚಾಗುತ್ತದೆ, ಎಣಿಕೆಯೂ ತಪ್ಪುತ್ತದೆ. ಹನಿನೀರಿಗೆ ಅಷ್ಟೇ ಆರ್‌ಒ ನೀರು ಬೆರೆಸಿ ಅಳೆದು, ಬಂದದ್ದನ್ನು ದುಪ್ಪಟ್ಟು ಮಾಡಿ.

ಹನಿ ನಿಲ್ಲದಂತೆ ನೋಡಿಕೊಳ್ಳುವುದೇ ರಿಯಾಕ್ಟರ್ ಸಾಕುವುದರ ಅರ್ಧ ಕೆಲಸ. ಸಣ್ಣ ವಾಲ್ವ್ ತಿರುಗಿಸಿ ಹರಿವು ಹಿಡಿದಿದ್ದರೆ ಅದರ ಬಾಯಲ್ಲಿ ಸುಣ್ಣ ಕಟ್ಟಿಕೊಂಡು ಇವತ್ತು 17 ಇದ್ದದ್ದು ವಾರಕ್ಕೆ 11 ಆಗಿರುತ್ತದೆ. ದಿನವಿಡೀ ಓಡಬಲ್ಲ ಪೆರಿಸ್ಟಾಲ್ಟಿಕ್ ಪಂಪನ್ನು (ಕೊಳವೆ ಹಿಂಡಿ ಅಳತೆಯಾಗಿ ನೀರು ತಳ್ಳುವ ಪಂಪ್) ಹೊರಬರುವ ಕಡೆಗೆ ಹಾಕಿದರೆ ಈ ಕಾಟ ತಪ್ಪುತ್ತದೆ. ರಿಯಾಕ್ಟರಿಗೆ ಖರ್ಚು ಮಾಡುವವರು ಇದಕ್ಕೆ ಹಿಂದೆಮುಂದೆ ನೋಡುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ದುಡ್ಡು ಹಾಕಬೇಕಾದ ಜಾಗ ಅದು. ಹನಿ ಬೀಳುವ ಜಾಗವೂ ಮುಖ್ಯ. ಸಂಪಿನಲ್ಲಿ ಸ್ಕಿಮ್ಮರ್ (ಗಾಳಿಗುಳ್ಳೆಯಿಂದ ನೀರಿನ ಕೊಳೆ ತೆಗೆಯುವ ಯಂತ್ರ) ನೀರೆಳೆಯುವ ಬಾಯಿಯ ಹತ್ತಿರ ಬಿಡಿ. ಟ್ಯಾಂಕಿಗೆ ಹೋಗುವ ಮೊದಲೇ ಒಂದಷ್ಟು ಗ್ಯಾಸ್ ಅಲ್ಲೇ ಹಾರಿಹೋಗಲಿ.

ಇಷ್ಟೆಲ್ಲ ಮಾಡಿದರೂ ಪಿಎಚ್ 8ರ ಕೆಳಗೇ ಇರಬಹುದು. ಯಾಕೆಂದರೆ ನಿಮ್ಮ ಪತ್ರದ ಕೊನೆಯಲ್ಲಿ ಸುಮ್ನೆ ಬರೆದ ಹಾಗೆ ಒಂದು ಸಾಲು ಇದೆ. ರಾತ್ರಿಯೆಲ್ಲಾ ಏಸಿ, ಮುಚ್ಚಿದ ಕಿಟಕಿ. ಹೊರಗಿನ ಗಾಳಿಯಲ್ಲಿ ಸಿಓಟು ಸುಮಾರು 420 ಪಿಪಿಎಂ. ಜನ ಮಲಗಿರುವ ಮುಚ್ಚಿದ ಕೋಣೆಯಲ್ಲಿ ಅದು 1000 ದಾಟುವುದು ಮಾಮೂಲು. ಸ್ಕಿಮ್ಮರ್ ಆ ಗಾಳಿಯನ್ನೇ ನೀರಿಗೆ ತುಂಬುತ್ತದೆ. ಗ್ಯಾಸ್ ಹೊರಹಾಕಬೇಕಾದ ಯಂತ್ರವೇ ಒಳಗೆ ತರುತ್ತಿರುತ್ತದೆ. ರಿಯಾಕ್ಟರ್ ಇಲ್ಲದಾಗ ಇದು ಗಮನಕ್ಕೆ ಬಂದಿರಲಿಲ್ಲ, ಈಗ ಎರಡೂ ಸೇರಿಕೊಂಡಿವೆ.

ಇದನ್ನು ಪತ್ತೆ ಮಾಡಲು ಖರ್ಚಿಲ್ಲದ ಪರೀಕ್ಷೆಯಿದೆ. ಬೆಳಗ್ಗೆ ಲೈಟ್ ಹತ್ತುವ ಮೊದಲು ಎರಡು ಪಾತ್ರೆಗಳಲ್ಲಿ ಟ್ಯಾಂಕಿನ ನೀರು ತೆಗೆದುಕೊಳ್ಳಿ. ಪಿಎಚ್ ಬರೆದಿಡಿ. ಒಂದನ್ನು ಅದೇ ಕೋಣೆಯಲ್ಲಿಟ್ಟು ಏರ್ ಪಂಪಿನಿಂದ ಒಂದು ಗಂಟೆ ಗಾಳಿ ಬಿಡಿ. ಇನ್ನೊಂದನ್ನು ಮನೆ ಹೊರಗೆ ಬಯಲಲ್ಲಿಟ್ಟು ಹಾಗೇ ಮಾಡಿ. ಒಳಗಿನದರ ಪಿಎಚ್ ಏರಿದರೆ ನಿಮ್ಮ ಟ್ಯಾಂಕಿಗೇ ಗಾಳಿ ಸಾಲದು, ಮೇಲ್ನೀರು ಕಲಕುವಂತೆ ಪಂಪ್ ತಿರುಗಿಸಿ. ಒಳಗಿನದು ಕದಲದೆ ಹೊರಗಿನದು ಮಾತ್ರ ಏರಿದರೆ ಕಳ್ಳ ನಿಮ್ಮ ಕೋಣೆಯ ಗಾಳಿ. ಎರಡೂ ಏರಿ, ಹೊರಗಿನದು ಇನ್ನೂ ಮೇಲೆ ಹೋದರೆ ಎರಡೂ ತೊಂದರೆ ಇವೆ. ನಿಮ್ಮದು ಇದೇ ಮೂರನೆಯದು ಅಂತ ನನ್ನ ಊಹೆ.

ಕೋಣೆಯ ಗಾಳಿಯೇ ಕಾರಣವಾದರೆ ಮೊದಲ ಉಪಾಯ ಸ್ಕಿಮ್ಮರಿನ ಗಾಳಿಕೊಳವೆಯನ್ನು ಗೋಡೆ ದಾಟಿಸಿ ಹೊರಗಿಡುವುದು. ಒಂದು ಮೀಟರ್ ಕೊಳವೆ, ಒಂದು ತೂತು. ಹೊರಗೆ ಕ್ರಿಮಿನಾಶಕ, ಸೊಳ್ಳೆಮದ್ದಿನ ಹೊಗೆ ಹೊಡೆಯುವ ಕಡೆ ಮಾತ್ರ ಇದು ಅಪಾಯ. ಆ ಗಾಳಿ ನೇರ ನೀರಿಗೆ ಹೋಗುತ್ತದೆ. ಅಲ್ಲೆಲ್ಲ ಸ್ಕಿಮ್ಮರ್ ಗಾಳಿಬಾಯಿಗೆ ಸೋಡಾ ಲೈಮ್ ತುಂಬಿದ ಡಬ್ಬಿ ಹಾಕುತ್ತಾರೆ. ಅದು ಸಿಓಟು ಹೀರಿಕೊಂಡು ಬಣ್ಣ ಬದಲಿಸುತ್ತದೆ. ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ಪದೇ ಪದೇ ತುಂಬಿಸಬೇಕು.

ಎರಡನೇ ಉಪಾಯ ರಿಯಾಕ್ಟರಿಗೆ ಇನ್ನೊಂದು ಕೊಠಡಿ. ಮೊದಲ ಕೊಠಡಿಯಿಂದ ಬಂದ ನೀರು ಮೀಡಿಯಾ ತುಂಬಿದ ಇನ್ನೊಂದು ಡಬ್ಬಿಯ ಮೂಲಕ ಹಾಯುತ್ತದೆ. ಅಲ್ಲಿ ಹೊಸ ಗ್ಯಾಸ್ ಕೊಡುವುದಿಲ್ಲ. ಉಳಿದ ಸಿಓಟು ಅಲ್ಲಿನ ಚೂರನ್ನು ಕರಗಿಸುತ್ತಾ ಖರ್ಚಾಗುತ್ತದೆ. ಹನಿಯ ಪಿಎಚ್ ಏರುತ್ತದೆ, ಕೆಎಚ್ ಸ್ವಲ್ಪ ಹೆಚ್ಚುತ್ತದೆ. 6.2ರಲ್ಲಿ ಓಡಿಸುವವರಿಗೆ ಇದು ದೊಡ್ಡ ಸಹಾಯ. 6.6ರಲ್ಲಿ ಓಡಿಸಿದರೆ ಅಷ್ಟೇನೂ ಇಲ್ಲ. ನೀವು ಈಗಲೇ ಕೊಳ್ಳಬೇಡಿ.

ಮೂರನೆಯದು ನನಗೆ ಅಚ್ಚುಮೆಚ್ಚು, ಆದರೆ ಅಪಾಯವೂ ಜಾಸ್ತಿ. ಅದೇ ಶಾಲೆಯ ಸುಣ್ಣದ ತಿಳಿನೀರು. ಹವ್ಯಾಸಿಗಳು ಕಾಲ್ಕ್‌ವಾಸರ್ ಅನ್ನುತ್ತಾರೆ. ಪ್ರಯೋಗದ ಎರಡನೇ ಅರ್ಧವನ್ನು ರಿಯಾಕ್ಟರ್ ಮಾಡಿದರೆ ಮೊದಲ ಅರ್ಧದ ವಸ್ತು ಇದು. ನೀರಲ್ಲಿರುವ ಸಿಓಟು ಹಿಡಿದುಕೊಂಡೇ ಇದು ಬೈಕಾರ್ಬೊನೇಟ್ ಆಗುತ್ತದೆ. ರಿಯಾಕ್ಟರ್ ಬಿಟ್ಟ ಎಂಜಲನ್ನು ಇದು ಉಣ್ಣುತ್ತದೆ. ಲೀಟರ್ ಆರ್‌ಒ ನೀರಿಗೆ ಸುಮಾರು 1.5 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕರಗುತ್ತದೆ. ಅಕ್ವೇರಿಯಂಗೆಂದೇ ಮಾರುವ ಶುದ್ಧವಾದದ್ದು ಬೇಕು, ಗೋಡೆಗೆ ಬಳಿಯುವ ಸುಣ್ಣ ಬೇಡ. ಅಂಥ ಒಂದು ಲೀಟರ್ ನಿಮ್ಮ ಟ್ಯಾಂಕಿಗೆ 0.28 ಕೆಎಚ್ ಕೊಡುತ್ತದೆ. ರಾತ್ರಿ ಹತ್ತು ಗಂಟೆ ಕಾಲ ನಿಮಿಷಕ್ಕೆ 3 ಮಿಲಿಯಷ್ಟು ಬಿಟ್ಟರೆ 2 ಲೀಟರ್ ಹತ್ತಿರ ಹೋಗುತ್ತದೆ. ಆವಿಯಾದ ನೀರಿನ ಬದಲು ಇದನ್ನೇ ತುಂಬಿದಂತಾಯಿತು. ದಿನದ ಅಗತ್ಯದ ಅರ್ಧದಷ್ಟನ್ನು ಇದೇ ನೋಡಿಕೊಂಡಿತು. ಆಗ ರಿಯಾಕ್ಟರ್ ಹರಿವು 17ರಿಂದ 9ರ ಸುತ್ತ ತಂದರೂ ಸಾಕು. ಪಿಎಚ್ ತೀರಾ ಕುಸಿಯುವ ಹೊತ್ತಿನಲ್ಲೇ ಅದನ್ನು ಎತ್ತಿ ಹಿಡಿಯುತ್ತದೆ.

ಅಪಾಯ ಏನೆಂದರೆ, ಈ ನೀರಿನ ಪಿಎಚ್ 12ರ ಮೇಲಿದೆ. ನೀರು ಇಳಿದಾಗ ತಾನೇ ತುಂಬಿಸುವ ಫ್ಲೋಟ್ ಸಿಕ್ಕಿಹಾಕಿಕೊಂಡು ಒಂದೇ ಸಲ ಹತ್ತು ಲೀಟರ್ ಹೋದರೆ ಟ್ಯಾಂಕಲ್ಲಿ ಹಿಮ ಬಿದ್ದ ಹಾಗೆ ಬಿಳಿ ಪುಡಿ ಇಳಿಯುತ್ತದೆ, ಪಂಪ್ ಕಟ್ಟಿಕೊಳ್ಳುತ್ತದೆ, ಹವಳ ಸಾಯುತ್ತದೆ. ಫ್ಲೋಟ್ ನಂಬಿ ಇದನ್ನು ಹಾಕಬೇಡಿ. ಡೋಸಿಂಗ್ ಪಂಪಲ್ಲೇ ಹಾಕಿ. ಡ್ರಮ್ಮಿನಲ್ಲಿ ಎರಡು ದಿನಕ್ಕೆ ಆಗುವಷ್ಟು ಮಾತ್ರ ಇರಲಿ. ಪುಡಿ ಕಲಸುವಾಗ ಕಣ್ಣಿಗೆ, ಕೈಗೆ ರಕ್ಷಣೆ ಬೇಕು.

ಸಂಪಿನಲ್ಲಿ ಕೀಟೊಮಾರ್ಫಾ ಪಾಚಿ ಬೆಳೆಸಿ ಅದಕ್ಕೆ ರಾತ್ರಿ ಲೈಟ್ ಹಾಕುವ ವಿಧಾನವೂ ಇದೆ. ಒಳ್ಳೆಯದೇ. ಆದರೆ ಅದರಿಂದ ಸಿಗುವುದು ಸ್ವಲ್ಪ.

ಪ್ರತಿ ರಿಯಾಕ್ಟರ್ ಮಾಲೀಕರಿಗೂ ಹೇಳುವ ಒಂದು ಮಾತು ಇಲ್ಲೂ ಹೇಳಿಬಿಡುತ್ತೇನೆ. ಸಿಲಿಂಡರ್ ಮೇಲಿನ ದೊಡ್ಡ ಮುಳ್ಳು ಎಷ್ಟು ಗ್ಯಾಸ್ ಉಳಿದಿದೆ ಅಂತ ತೋರಿಸುವುದಿಲ್ಲ. ಒಳಗೆ ಇರುವುದು ದ್ರವ. 20 ಡಿಗ್ರಿಯಲ್ಲಿ ಅದು ಸುಮಾರು 57 ಬಾರ್ ತೋರಿಸುತ್ತದೆ, ತುಂಬಿದಾಗಲೂ ಅಷ್ಟೇ, ಕಾಲು ಭಾಗ ಇದ್ದಾಗಲೂ ಅಷ್ಟೇ. ದ್ರವ ಪೂರ್ತಿ ಮುಗಿದ ಮೇಲೆ ಮುಳ್ಳು ದಬಕ್ಕನೆ ಬೀಳುತ್ತದೆ. ಅಗ್ಗದ ಒಂದೇ ಹಂತದ ರೆಗ್ಯುಲೇಟರುಗಳಲ್ಲಿ ಆ ಹೊತ್ತಿಗೆ ಹೊರಬರುವ ಒತ್ತಡ ಏರುತ್ತದೆ, ಗುಳ್ಳೆ ಓಡತೊಡಗುತ್ತದೆ. ವರ್ಷಗಳ ಹಿಂದೆ ನನ್ನ ಟ್ಯಾಂಕಿನಲ್ಲೇ ಹೀಗಾಯಿತು. ಆಗ ಕಂಟ್ರೋಲರ್ ಇರಲಿಲ್ಲ, ಗುಳ್ಳೆ ಎಣಿಸಿಯೇ ಓಡಿಸುತ್ತಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಗುಳ್ಳೆಗಳು ಬಿಡಿಬಿಡಿಯಾಗಿ ಕಾಣದೆ ಒಂದೇ ಬೆಳ್ಳಿ ದಾರ ಎಳೆದ ಹಾಗೆ ಹೋಗುತ್ತಿದ್ದವು. ಪಿಎಚ್ 7.3. ಮೀನೆಲ್ಲ ಮೇಲ್ನೀರಿಗೆ ಬಾಯಿ ಹಚ್ಚಿಕೊಂಡಿದ್ದವು. ವಾಲ್ವ್ ಮುಚ್ಚಿ, ಕಿಟಕಿ ತೆರೆದು, ಮೂರು ಏರ್ ಸ್ಟೋನ್ ಹಾಕಿ ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದೆ. ಒಂದು ಮೀನು ಹೋಯಿತು. ಆವತ್ತಿನಿಂದ ತಿಂಗಳಿಗೊಮ್ಮೆ ಸಿಲಿಂಡರನ್ನು ತಕ್ಕಡಿಗೆ ಹಾಕುತ್ತೇನೆ. ಖಾಲಿ ಸಿಲಿಂಡರಿನ ತೂಕ ಅದರ ಕುತ್ತಿಗೆ ಮೇಲೆ ಕೊರೆದಿರುತ್ತದೆ, ಅದನ್ನು ಕಳೆದರೆ ಒಳಗಿನ ಗ್ಯಾಸ್ ಎಷ್ಟೆಂದು ಸಿಗುತ್ತದೆ.

ನಿಮಗೆ ಕಂಟ್ರೋಲರ್ ಇದೆ, ಆದರೆ ಅದೂ ಒಂದೇ ಪ್ರೋಬ್ ನಂಬಿ ನಡೆಯುತ್ತದೆ. ಆ ಪ್ರೋಬ್ ಒಣಗಿತೋ ಹಾಳಾಯಿತೋ, 7 ತೋರಿಸುತ್ತಾ ಕೂತರೆ ಗ್ಯಾಸ್ ಬಿಡುವ ಸೊಲೆನಾಯ್ಡ್ ವಾಲ್ವ್ ಮುಚ್ಚುವುದೇ ಇಲ್ಲ. ಆದ್ದರಿಂದ ನೀಡಲ್ ವಾಲ್ವನ್ನು ಬೇಕಾದ್ದಕ್ಕಿಂತ ಸ್ವಲ್ಪವೇ ಹೆಚ್ಚು ಗ್ಯಾಸ್ ಬಿಡುವ ಹಾಗೆ ಹಿಡಿದಿಡಿ, ಕಂಟ್ರೋಲರ್ ಕೊನೆಯ ಕಾವಲುಗಾರನಾಗಿರಲಿ. ಟ್ಯಾಂಕಿನ ಪಿಎಚ್ 7.7 ಮುಟ್ಟಿದರೆ ಗ್ಯಾಸ್ ಬಂದ್ ಆಗುವ ಹಾಗೆ ಇನ್ನೊಂದು ಬೀಗ ಹಾಕಲು ಆದರೆ ಹಾಕಿ. ಈಗಿನ 7.75ಕ್ಕೆ ಅದು ತೀರಾ ಹತ್ತಿರ, ಹೊಸ ಸೆಟ್ಟಿಂಗ್ ಕೂತ ಮೇಲೆ ಹಾಕಿದರಾಯಿತು. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಗೋಡೆಗೆ ಕಟ್ಟಿ. ನೀವು ಮಲಗುವ ಮುಚ್ಚಿದ ಕೋಣೆಯಲ್ಲಿ ಅದು ಇದ್ದರೆ ಹೊರಗೆ ಸಾಗಿಸಿ, ಕೊಳವೆ ಉದ್ದ ಮಾಡಿಕೊಳ್ಳಿ.

ರಿಯಾಕ್ಟರ್ ಮಾರಬೇಕಾ? ಬೇಡ. ದಿನಕ್ಕೆ 1.2 ಕೆಎಚ್ ತಿನ್ನುವ ಟ್ಯಾಂಕಿಗೆ ಅದು ಸರಿಯಾದ ಯಂತ್ರವೇ. ಇಡೀ ದಿನ ನಿಧಾನವಾಗಿ ಸಮನಾಗಿ ಕೊಡುತ್ತದೆ, ಆಕ್ರೋಪೊರಾಗೆ ಬೇಕಾದದ್ದು ಅದೇ. ತಿಂಗಳಿಗೆ ಒಂದು ಸಲವೂ ಅದರ ಕಡೆ ನೋಡಲು ಪುರುಸೊತ್ತಿಲ್ಲ ಅನ್ನುವವರು ಮಾತ್ರ ಕ್ಯಾಲ್ಸಿಯಂ ಒಂದರಲ್ಲಿ, ಕೆಎಚ್ ಇನ್ನೊಂದರಲ್ಲಿ ಇರುವ ಎರಡು ಬಾಟಲಿಯ ಡೋಸಿಂಗಿಗೆ ವಾಪಸ್ ಹೋಗಲಿ. ಕೆಎಚ್ ಬಾಟಲಿಯಲ್ಲಿ ಸೋಡಿಯಂ ಕಾರ್ಬೊನೇಟ್ ಇದ್ದರೆ ಅದು ಪಿಎಚ್ ಅನ್ನೂ ಸ್ವಲ್ಪ ಎತ್ತುತ್ತದೆ.

ಇನ್ನು ಆ ಅರ್ಧ ಡಬ್ಬಿ. ಎಸೆಯಬೇಡಿ, ಈಗ ಅದಕ್ಕೆ ನಿಜವಾದ ಕೆಲಸ ಬಂದಿದೆ. ನಿಮ್ಮ ಕೆಎಚ್ 6.9ರಲ್ಲಿದೆ. ಸಮುದ್ರದಲ್ಲೂ ಸುಮಾರು 7 ಇರುವುದರಿಂದ ಗಾಬರಿ ಬೇಡ. ಆದರೆ 8ಕ್ಕೆ ತರುವ ಕೆಲಸವನ್ನು ರಿಯಾಕ್ಟರಿನಿಂದ ಮಾಡಿಸಬೇಡಿ. ಅದು ದಿನದ ಖರ್ಚು ನೋಡಿಕೊಳ್ಳಲಿ. ಹಳೇ ಬಾಕಿ ಡಬ್ಬಿಯಿಂದ ತೀರಿಸಿ. ಡಬ್ಬಿಯ ಮೇಲೆ ಬೋರೇಟ್ ಅಥವಾ ಬೋರಾನ್ ಅಂತಿದ್ದರೆ ಬಳಸಬೇಡಿ, ಕೆಎಚ್ ಟೆಸ್ಟ್ ಅದನ್ನೂ ಸೇರಿಸಿ ತೋರಿಸಿ ದಾರಿ ತಪ್ಪಿಸುತ್ತದೆ. ಬರೀ ಸೋಡಿಯಂ ಬೈಕಾರ್ಬೊನೇಟ್ ಆದರೆ 400 ಲೀಟರಿನ ಕೆಎಚ್ 1 ಏರಲು ಸುಮಾರು 12 ಗ್ರಾಂ ಬೇಕು. ದಿನಕ್ಕೆ 4 ಗ್ರಾಂ, ಒಂದು ಲೋಟ ಆರ್‌ಒ ನೀರಲ್ಲಿ ಪೂರ್ತಿ ಕರಗಿಸಿ, ಸಂಪಿನಲ್ಲಿ ನೀರು ಜೋರಾಗಿ ಹರಿಯುವ ಕಡೆ ನಿಧಾನಕ್ಕೆ ಸುರಿಯಿರಿ. ಮೂರ್ನಾಲ್ಕು ದಿನ ಸಾಕು. ಆಗಲೂ ಕಣ್ಣು ಕೆಎಚ್ ಮೇಲಿರಲಿ, ಪಿಎಚ್ ಮೀಟರ್ ಕಡೆ ಬೇಡ.